ಮುಗಿದ ಮೇಲಿನ ನಗು

ಬಹಳ ಹೊತ್ತು ಬಿಗಿಹಿಡಿದಿದ್ದ ಉಸಿರನ್ನು ಯಾರೋ ಮೂಗಿನಿಂದ ಬಿಟ್ಟ ಹಾಗೆ ಒಂದು ಸಣ್ಣ ಸದ್ದು. ರಾತ್ರಿ ತುಂಬ ಹೊತ್ತಾಗಿತ್ತು, ಮನೆಯಲ್ಲಿ ನಾನೊಬ್ಬಳೇ. ಯಂತ್ರ ನಿಲ್ಲಿಸಿ, ಹೆಡ್‌ಫೋನ್ ಕಿತ್ತಿಟ್ಟು, ಹಿಂಬಾಗಿಲ ಚಿಲಕ ನೋಡಿ ಬಂದೆ. ಗ್ಯಾಸ್ ಆರಿಸಿದ್ದೇನೆಯೇ ಎಂದು ನೋಡಿದೆ. ಮೆಟ್ಟಿಲ ಕೆಳಗಿನ ಬೀರುವನ್ನೂ ತೆರೆದು ನೋಡಿದೆ. ಯಾರೂ ಇರಲಿಲ್ಲ. ವಾಪಸ್ಸು ಬಂದು ಕುಳಿತಾಗ ಹೊಳೆಯಿತು: ಸದ್ದು ಬಂದದ್ದು ಮನೆಯಿಂದಲ್ಲ, ಟೇಪಿನಿಂದ.

ಆ ಟೇಪು ಹೋರೆಸ್ ಬ್ಲೋರ್ ಎಂಬುವರದು. ನಮ್ಮ ಪಕ್ಕದೂರು ಲಾಂಗ್ಟನ್‌ನಲ್ಲಿ, ಪಿಂಗಾಣಿ ಕಾರ್ಖಾನೆಗಳ ಹೊಗೆಯ ನಡುವೆ, ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದವರು. ಐವತ್ತರ ದಶಕದ ಕೊನೆಯಲ್ಲಿ ಪ್ರತಿ ಭಾನುವಾರ ಮಧ್ಯಾಹ್ನ ‘ಮಿಸೆಸ್ ಸ್ಪ್ರಾಗ್ ಮನೆ’ ಎಂಬ ಹಾಸ್ಯ ಕಾರ್ಯಕ್ರಮ ಬರುತ್ತಿತ್ತು. ಸಮುದ್ರತೀರದ ಊರಿನಲ್ಲಿ ಕೋಣೆಗಳನ್ನು ಬಾಡಿಗೆಗೆ ಕೊಡುವ ಒಬ್ಬ ಹೆಂಗಸು, ಅವಳ ಮುಗಿಯದ ಕಟ್ಟುಪಾಡುಗಳು, ಅವುಗಳಿಂದ ತಪ್ಪಿಸಿಕೊಳ್ಳಲು ಹೆಣಗುವ ಬಾಡಿಗೆದಾರರು, ಇಷ್ಟೇ ಕಥೆ. ಆಗ ಟೇಪು ದುಬಾರಿಯ ವಸ್ತು. ರೇಡಿಯೋದವರು ಒಂದು ಕಾರ್ಯಕ್ರಮ ಅಳಿಸಿ ಅದರ ಮೇಲೆ ಇನ್ನೊಂದನ್ನು ಹಿಡಿಯುತ್ತಿದ್ದರು. ಹೀಗೆ ಮಿಸೆಸ್ ಸ್ಪ್ರಾಗ್ ಕೂಡ ಅಳಿಸಿಹೋದಳು. ಅವಳ ಮದುವೆಯ ಕಂತನ್ನು ನಾನು ಒಂಬತ್ತು ವರ್ಷದವಳಿದ್ದಾಗ ಕೇಳಿದ್ದೆ. ಯಾವ ಮಾತಿಗೆ ನಕ್ಕೆನೋ ಮರೆತುಹೋಗಿತ್ತು. ಎಲ್ಲದಕ್ಕೂ ಹೆದರುತ್ತಿದ್ದ ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕದ್ದು ಮಾತ್ರ ನೆನಪಿತ್ತು.

ಇಂಥ ಕಳೆದುಹೋದ ಕಾರ್ಯಕ್ರಮಗಳನ್ನು ಜನರ ಅಟ್ಟಗಳಿಂದ ಹುಡುಕಿ ಉಳಿಸುವ ನಮ್ಮದೊಂದು ಸಣ್ಣ ಸಂಘವಿದೆ. ಶಾಲೆಯ ಗ್ರಂಥಾಲಯದಿಂದ ನಿವೃತ್ತಳಾದ ಮೇಲೆ ನಾನು ಅದಕ್ಕೆ ಸೇರಿದೆ. ಏನು ಕೆಡುತ್ತದೋ ಎಂದು ಮೊದಲೇ ಹೆದರುವ ಸ್ವಭಾವದವಳಿಗೆ ಹಳೆಯ ಟೇಪಿನ ಕೆಲಸ ಒಗ್ಗುತ್ತದೆ. ಸುರುಳಿಯನ್ನು ಮೆಲ್ಲಗೆ ಓಡಿಸಿ, ಕಂಪ್ಯೂಟರಿಗೆ ಪ್ರತಿ ಇಳಿಸಿಕೊಂಡು, ಕೆಮ್ಮು, ಕುರ್ಚಿಯ ಕಿರುಗುಟ್ಟು, ನಾಯಿಯ ಬೊಗಳು ಎಲ್ಲವನ್ನೂ ಒಂದೊಂದಾಗಿ ತೆಗೆಯುವುದು ನನ್ನ ಪಾಲಿನ ಕೆಲಸ. ನಮ್ಮ ಅಧ್ಯಕ್ಷ ಲಯನೆಲ್ ಟ್ರಾಂಟರ್ ಕಟ್ಟುನಿಟ್ಟಿನ ಮನುಷ್ಯ. ನಿರೂಪಕನ ಮೊದಲ ಮಾತಿನಿಂದ ಸಂಗೀತದ ಕೊನೆಯ ಸ್ವರದವರೆಗೆ ಮಾತ್ರ ಕಾರ್ಯಕ್ರಮ, ಅದರ ಹಿಂದುಮುಂದಿನದು ಕಸ ಎಂದು ಅವರೇ ನಮಗೆ ಕಲಿಸಿದ್ದು. ಕೊನೆಯ ಸ್ವರ ಬಿದ್ದ ಕೂಡಲೇ ನಮ್ಮೆಲ್ಲರ ಬೆರಳು ತಾನಾಗಿಯೇ ಗುಂಡಿ ಒತ್ತುತ್ತದೆ.

ಹೋರೆಸ್ ಅವರ ಮಗಳು ಗ್ಲೆಂಡಾ ತಾನಾಗಿಯೇ ಫೋನ್ ಮಾಡಿದ್ದಳು. ಅವಳಿಗೆ ಆಗ ಅರವತ್ತೊಂದು, ಸಣ್ಣ ಫ್ಲ್ಯಾಟಿಗೆ ಮನೆ ಬದಲಾಯಿಸುವ ಗಡಿಬಿಡಿಯಲ್ಲಿದ್ದಳು. ನಾನು ಹೋದಾಗ ಅಡುಗೆಮನೆಯ ಮೇಜಿನ ಮೇಲೆ ಬಿಸ್ಕತ್ತಿನ ಡಬ್ಬಗಳು ಪೇರಿಸಿದ್ದವು, ಒಳಗೆ ಸುರುಳಿಗಳು. ಒಂದೊಂದರ ಮೇಲೂ ಹೋರೆಸ್ ಕೈಬರಹದ ಚೀಟಿ. ಕೊನೆಯದರ ಮೇಲೆ ‘ಮದುವೆ’ ಎಂದಿತ್ತು. ಆ ಡಬ್ಬವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ನಾನು ಹಾಗೇ ನಿಂತುಬಿಟ್ಟೆ.

“ಕೂತ್ಕೋ ಡಕ್, ಬಿದ್ದುಗಿದ್ದೀಯಾ. ಅಷ್ಟೊಂದು ದೊಡ್ಡ ವಸ್ತುವಾ ಇದು?”

ಡಕ್ ಎಂದರೆ ಬಾತುಕೋಳಿ, ನಮ್ಮ ಕಡೆ ಯಾರನ್ನಾದರೂ ಅಕ್ಕರೆಯಿಂದ ಕರೆಯುವ ಮಾತು. ದೊಡ್ಡದೇ ಎಂದೆ. ಅವಳು ದೋಸೆಯ ಹಾಗಿರುವ ಓಟ್‌ಕೇಕಿನಲ್ಲಿ ಚೀಸ್ ಸುತ್ತಿ ನನ್ನ ಮುಂದಿಟ್ಟು, ತಮ್ಮ ಮನೆಯ ಭಾನುವಾರದ ಕಥೆ ಹೇಳಿದಳು. ಆ ಕಾಲದಲ್ಲಿ ಮನೆಯಲ್ಲಿ ಟೇಪು ಮಾಡುವವರು ರೇಡಿಯೋದ ಬಾಯಿಯ ಮುಂದೆ ಮೈಕು ಇಡುತ್ತಿದ್ದರು. ಕೋಣೆಯಲ್ಲಿ ಸೂಜಿ ಬಿದ್ದರೂ ಟೇಪಿಗೆ ಸೇರುತ್ತಿತ್ತು. ಹೋರೆಸ್ ನಾಯಿಯನ್ನು ಹಿತ್ತಿಲಿಗೆ ಹಾಕುತ್ತಿದ್ದರು, ಗೋಡೆಗಡಿಯಾರದ ಲೋಲಕ ನಿಲ್ಲಿಸುತ್ತಿದ್ದರು, ಗಿಳಿಯ ಪಂಜರಕ್ಕೆ ಬಟ್ಟೆ ಹೊದಿಸುತ್ತಿದ್ದರು. ಆಮೇಲೆ ಹೆಂಡತಿ ಆಲಿವ್‌ಗೊಂದು, ಮಗಳಿಗೊಂದು ದಿಂಬು ಕೊಡುತ್ತಿದ್ದರು. ನಗು ಬಂದರೆ ಬಾಯಿಗೆ ಒತ್ತಿಕೊಳ್ಳಲು.

“ಊರಿಗೆಲ್ಲ ನಗು, ನಮ್ಮ ಮನೇಲಿ ಮಾತ್ರ ಸಾವಿನ ಮೌನ,” ಎಂದಳು ಗ್ಲೆಂಡಾ. “ದಿಂಬಿನ ಅಂಚನ್ನ ಕಚ್ಚಿ ಕಚ್ಚಿ ಹತ್ತಿ ಹೊರಗೆ ಬಂದಿತ್ತು. ನಗೋ ಕಾರ್ಯಕ್ರಮ ಉಳಿಸ್ಬೇಕು ಅಂತ ನಗೋದನ್ನೇ ನಿಲ್ಲಿಸಿದ ಮನುಷ್ಯ ನಮ್ಮಪ್ಪ.”

ತಮಾಷೆಯಾಗಿಯೇ ಹೇಳಿದಳು, ಆದರೆ ಕಣ್ಣಿನಲ್ಲಿ ತಮಾಷೆ ಇರಲಿಲ್ಲ. ಮದುವೆಯ ಕಂತು ಬಂದ ಮಾರನೆಯ ವಸಂತದಲ್ಲಿ ಆಲಿವ್ ಕಾಯಿಲೆಯಿಂದ ತೀರಿಕೊಂಡಿದ್ದರು. ಆಗ ಗ್ಲೆಂಡಾಳಿಗೆ ಹನ್ನೊಂದು ವರ್ಷ. ಹೋರೆಸ್ ಮತ್ತೆ ಆ ಯಂತ್ರ ಮುಟ್ಟಲಿಲ್ಲ, ಡಬ್ಬಗಳನ್ನು ಅಟ್ಟಕ್ಕೆ ಹಾಕಿ ಅವುಗಳ ಮಾತೇ ಎತ್ತದೆ ಹೋಗಿಬಿಟ್ಟರು.

“ಅಮ್ಮನ ಮುಖಕ್ಕೆ ಫೋಟೋ ಇದೆ. ದನಿ ಹೋಗ್ಬಿಟ್ಟಿದೆ. ಎಷ್ಟು ನೆನಪಿಸ್ಕೊಂಡ್ರೂ ಬರಲ್ಲ. ಮನೇಲಿ ಟೇಪ್ ಯಂತ್ರ ಇತ್ತು ನೋಡು, ಇಡೀ ಬೀದೀಲಿ ನಮ್ಮನೇಲಿ ಮಾತ್ರ ಇತ್ತು. ಅದ್ರಲ್ಲಿ ಅಪ್ಪ ಅಮ್ಮನ ಒಂದು ಮಾತೂ ಹಿಡೀಲಿಲ್ಲ.” ಡಬ್ಬಗಳನ್ನು ನನ್ನ ಕಡೆಗೆ ತಳ್ಳಿದಳು. “ತಗೊಂಡು ಹೋಗು. ಅಮ್ಮನ ದನಿ ಎಲ್ಲಾದ್ರೂ ಇದ್ರೆ ಹುಡುಕಿ ಕೊಡು, ಎಲ್ಲಾ ನಿಮ್ಮ ಸಂಘಕ್ಕೇ. ಇಲ್ದಿದ್ರೆ ವಾಪಸ್ ತಂದುಕೊಡು, ನೀನು ಮಾಡ್ಕೊಂಡ ಪ್ರತಿನೂ ಅಳಿಸ್ಬೇಕು. ನಾನೇ ಕಸದ ಗಾಡಿಗೆ ಹಾಕ್ತೀನಿ.”

ಇದು ನ್ಯಾಯವೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಆಮೇಲೆ ಯೋಚಿಸಿದಾಗ ನ್ಯಾಯವೇ ಅನ್ನಿಸಿತು. ಮಾತು ಕೊಟ್ಟು ಬಂದೆ.

ಅಂದಿನಿಂದ ಎಷ್ಟೋ ಸಂಜೆ ಹಿಂಗೋಣೆಯಲ್ಲಿ ಕುಳಿತು ಕೇಳಿದೆ. ಅಷ್ಟು ಶುದ್ಧವಾದ ಮನೆಟೇಪುಗಳನ್ನು ನಾನು ಕೇಳಿರಲಿಲ್ಲ. ತೆಗೆಯಲು ಒಂದು ಕೆಮ್ಮೂ ಇಲ್ಲ. ಸಂಘದ ಕೆಲಸಕ್ಕೆ ವರವಾದದ್ದೇ ಗ್ಲೆಂಡಾಳ ಪಾಲಿಗೆ ಶಾಪವಾಗಿತ್ತು. ಮಿಸೆಸ್ ಸ್ಪ್ರಾಗ್ ಗದರುತ್ತಿದ್ದಳು, ಸಭಾಂಗಣದಲ್ಲಿ ಪ್ರೇಕ್ಷಕರು ನಗುತ್ತಿದ್ದರು, ರೇಡಿಯೋದ ಈಚೆಗೆ ಲಾಂಗ್ಟನ್‌ನ ಆ ಕೋಣೆಯಲ್ಲಿ ಉಸಿರೂ ಇಲ್ಲ. ನಾನು ಕಿವಿಗೊಟ್ಟು ಹುಡುಕಿದ್ದು ಮಾತುಗಳ ಹಿಂದೆ, ಮಾತಿನ ನಡುವಿನ ಬಿಡುವಿನಲ್ಲಿ. ಕೊನೆಯ ಸ್ವರ ಬಿದ್ದೊಡನೆ ನಿಲ್ಲಿಸುತ್ತಿದ್ದೆ. ಲಯನೆಲ್ ಶನಿವಾರ ಬಂದು ಎಲ್ಲವನ್ನೂ ಒಯ್ಯುವುದೆಂದು ನಿಶ್ಚಯವಾಗಿತ್ತು. ಗ್ಲೆಂಡಾಳ ಷರತ್ತನ್ನು ನಾನು ಅವರಿಗೆ ಹೇಳಿದ್ದೆ. ಅವರು ನಿಟ್ಟುಸಿರು ಬಿಟ್ಟು, ಹಾಗಾದರೆ ಚೆನ್ನಾಗಿ ಹುಡುಕು ಎಂದಿದ್ದರು.

ಆ ರಾತ್ರಿ ನನ್ನ ಬೆರಳು ತಡವಾದದ್ದು ಹೆಡ್‌ಫೋನಿನ ತಂತಿ ಸ್ವೆಟರಿನ ಗುಂಡಿಗೆ ಸಿಕ್ಕಿಕೊಂಡದ್ದರಿಂದ. ಬಿಡಿಸಿಕೊಳ್ಳುವಷ್ಟರಲ್ಲಿ ಸಂಗೀತ ಮುಗಿದು, ಆ ಉಸಿರು ಕೇಳಿಸಿತ್ತು.

ಈಗ ಮತ್ತೆ ಗುಂಡಿ ಒತ್ತಿದೆ. ಉಸಿರಿನ ಹಿಂದೆಯೇ ಒಂದು ಮಗುವಿನ ಕೀರಲು ನಗು, ಅದರ ಮೇಲೆ ಇನ್ನೊಂದು ದಪ್ಪ ನಗು, ಒಡ್ಡು ಒಡೆದ ಹಾಗೆ. ಕೂಡಲೇ ಟಕ್ಕೆಂದು ಯಂತ್ರ ನಿಲ್ಲಿಸಿದ ಸದ್ದು. ಆಮೇಲೆ ಏನೂ ಇಲ್ಲ.

ಹೋರೆಸ್ ಕುರ್ಚಿಯಿಂದ ಎದ್ದು ಯಂತ್ರದ ಬಳಿಗೆ ಬರುವಷ್ಟು ಹೊತ್ತು ಅದು. ಅರ್ಧ ಗಂಟೆ ದಿಂಬಿನಲ್ಲಿ ಹೂತಿಟ್ಟಿದ್ದ ನಗುವೆಲ್ಲ ಆ ಎರಡು ಹೆಜ್ಜೆಗಳ ಹೊತ್ತಿನಲ್ಲಿ ಹೊರಬಂದಿತ್ತು. ನಾನು ಮಿಕ್ಕ ಸುರುಳಿಗಳನ್ನೂ ತೆಗೆದು ಕೊನೆಗಳನ್ನಷ್ಟೇ ಕೇಳಿದೆ. ಎಲ್ಲದರಲ್ಲೂ ಇತ್ತು. ಒಂದರಲ್ಲಿ ಬರೀ ನಗು, ಒಂದರಲ್ಲಿ ಬಿಕ್ಕಳಿಕೆ, ಒಂದರಲ್ಲಿ ಯಾರೋ “ಅಯ್ಯೋ” ಎನ್ನುವಷ್ಟರಲ್ಲಿ ಟಕ್. ಹಿಂದೆ ಎಷ್ಟು ಮನೆಗಳ ಎಷ್ಟು ಟೇಪುಗಳ ಬಾಲ ಕೇಳದೆಯೇ ಬಿಟ್ಟಿದ್ದೇನೋ ಎಂದು ನೊಂದುಕೊಂಡೆ. ಆದರೆ ಅದಕ್ಕಿಂತ ಹೆಚ್ಚಾಗಿ ಆ ತಂತಿಗೆ, ಆ ಸ್ವೆಟರಿಗೆ, ಅದನ್ನು ಹೆಣೆದ ನನ್ನ ಸೋದರತ್ತೆಗೆ ಕೈಮುಗಿಯಬೇಕೆನ್ನಿಸಿತು.

ಮದುವೆಯ ಸುರುಳಿ ಒಂದನ್ನು ಮಾತ್ರ ಮೊದಲಿನಿಂದಲೂ ಮುಟ್ಟಿರಲಿಲ್ಲ. ಅದು ಎಲ್ಲಕ್ಕಿಂತ ಹೆಚ್ಚು ಒಣಗಿತ್ತು, ಡಬ್ಬ ತೆರೆದರೆ ಹಳೆಯ ಟೇಪು ಕೆಡುವಾಗ ಬರುವ ವಿನೆಗರಿನ ವಾಸನೆ. ಒಮ್ಮೆ ಓಡಬಹುದು, ಎರಡನೆಯ ಸಲದ ಮಾತು ಹೇಳಲಾಗದು. ಬೆಳಿಗ್ಗೆ ಗ್ಲೆಂಡಾಳಿಗೆ ಫೋನ್ ಮಾಡಿ, ನಗು ಸಿಕ್ಕಿದೆ, ಮಾತು ಇನ್ನೂ ಸಿಕ್ಕಿಲ್ಲ, ಉಳಿದಿರುವುದು ಒಂದೇ ಸುರುಳಿ, ಅದನ್ನು ನೀನಿಲ್ಲದೆ ಹಾಕುವುದಿಲ್ಲ ಎಂದೆ. ಅವಳು ಮುಂದಿನ ಬಸ್ಸು ಹತ್ತಿ ಬಂದಳು.

ಮೊದಲು ಆ ತುಣುಕು ನಗುಗಳನ್ನು ಕೇಳಿಸಿದೆ. ಕೀರಲು ನಗು ತನ್ನದು ಎಂದಳು. ದಪ್ಪ ನಗು ಕೇಳಿ ಹುಬ್ಬು ಗಂಟಿಕ್ಕಿದಳು, ಅದು ಅಪ್ಪನದಿರಬೇಕು ಎಂದಳು. ಹಾಗಲ್ಲವೇನೋ ಎಂದು ನನಗನ್ನಿಸಿದರೂ ಬಾಯಿ ಬಿಡಲಿಲ್ಲ. ಅದು ಅಮ್ಮನದೇ ಎಂದು ನಾನು ಹೇಳಿ ಒಪ್ಪಿಸುವುದು ಸರಿಯಲ್ಲ, ಅವಳಿಗೇ ತಿಳಿಯಬೇಕು.

ಮದುವೆಯ ಸುರುಳಿ ಏರಿಸಿ, ಪ್ರತಿ ಇಳಿಸಿಕೊಳ್ಳಲು ಕಂಪ್ಯೂಟರನ್ನೂ ಸಜ್ಜು ಮಾಡಿದೆ. ಈ ಸಲ ಹೆಡ್‌ಫೋನ್ ಬೇಡವೆಂದು ಸ್ಪೀಕರಿನಲ್ಲೇ ಹಾಕಿದೆ. ನಿರೂಪಕನ ಮಾತು, ಸಂಗೀತ, ಆಮೇಲೆ ಮಿಸೆಸ್ ಸ್ಪ್ರಾಗ್. ಐವತ್ತು ವರ್ಷ ಎಲ್ಲಿಯೂ ಇರದಿದ್ದವಳು ನನ್ನ ಹಿಂಗೋಣೆಯಲ್ಲಿ ನಿಂತು ಚರ್ಚಿನ ಹೂವಿನ ಅಲಂಕಾರಕ್ಕೆ ಬೈಯುತ್ತಿದ್ದಳು. ನಾನು ಗ್ಲೆಂಡಾಳ ಕಡೆ ತಿರುಗಿದೆ. ಅವಳು ಸೋಫಾದ ದಿಂಬನ್ನೆತ್ತಿ ಬಾಯಿಗೆ ಒತ್ತಿಕೊಂಡಿದ್ದಳು.

“ಇಲ್ಲಿ ನಗಬಹುದು,” ಎಂದೆ.

ಅವಳು ದಿಂಬು ನೋಡಿಕೊಂಡು ನಾಚಿದಳು, ಆದರೆ ಕೆಳಗಿಡಲಿಲ್ಲ.

ಪಾದ್ರಿ ಕೇಳಿದ, ಈ ಪುರುಷನನ್ನು ಗಂಡನಾಗಿ ಸ್ವೀಕರಿಸುವೆಯಾ ಎಂದು. ಮಿಸೆಸ್ ಸ್ಪ್ರಾಗ್ ಗಂಟಲು ಸರಿಮಾಡಿಕೊಂಡಳು. “ಸದ್ಯಕ್ಕೆ ತಗೋತೀನಿ. ಒಂದು ವಾರ ನೋಡ್ತೀನಿ. ಹಾಸಿಗೆ ಮೇಲೆ ಬಿಸ್ಕತ್ತು ತಿಂದ್ರೆ ವಾಪಸ್.” ಸಭಾಂಗಣ ಭೋರ್ಗರೆಯಿತು. ಒಂಬತ್ತರ ವಯಸ್ಸಿನಲ್ಲಿ ನಾನು ನಕ್ಕದ್ದು ಈ ಮಾತಿಗೇ. ಈಗಲೂ ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು. ಆ ಮಾತು ಬರೆದವರಿಗೆ, ಆಡಿದವಳಿಗೆ, ಗಡಿಯಾರ ನಿಲ್ಲಿಸಿ ಅದನ್ನು ಹಿಡಿದಿಟ್ಟ ಕಟ್ಟುನಿಟ್ಟಿನ ಹೋರೆಸ್‌ಗೆ ನನ್ನಿಂದ ಸಲ್ಲಬೇಕಾದ ಧನ್ಯವಾದವನ್ನು ಸಲ್ಲಿಸುವ ವಿಳಾಸವೇ ಇರಲಿಲ್ಲ.

ಸಂಗೀತ ಬಂತು. ಕೊನೆಯ ಸ್ವರ ಬಿತ್ತು. ನಾನು ಎರಡು ಕೈಗಳನ್ನೂ ತೊಡೆಯ ಕೆಳಗಿಟ್ಟುಕೊಂಡು ಕುಳಿತೆ.

ಉಸಿರು. ಕೀರಲು ನಗು. ದಪ್ಪ ನಗು. ಗ್ಲೆಂಡಾ ಮುಂದಕ್ಕೆ ಬಾಗಿದಳು. ಟಕ್ ಎಂಬ ಸದ್ದಿಗಾಗಿ ಇಬ್ಬರೂ ಕಾದೆವು. ಅದು ಬರಲಿಲ್ಲ. ಹೆಜ್ಜೆಯ ಸದ್ದು ಯಂತ್ರದ ಹತ್ತಿರಕ್ಕೆ ಬಂದು ನಿಂತಿತು. ಆಮೇಲೆ ಆ ದಪ್ಪ ನಗುವೇ ಮಾತಾಡಿತು, ಕಲ್ಲಿದ್ದಲು ಮಾರುವವನ ಹಾಗೆ ಒಡಕು ದನಿಯಲ್ಲಿ.

“ವಾಪಸ್ ಅಂತೆ. ಕೇಳಿಸ್ಕೊಂಡ್ಯಾ ಹೋರೆಸ್? ನಿನ್ನನ್ನೂ ನಾನು ಹಂಗೇ ತಗೊಂಡಿದ್ದು. ವಾಪಸ್ ತಗೊಳ್ಳೋರು ಯಾರೂ ಸಿಗ್ಲಿಲ್ಲ ಅಷ್ಟೇ.”

ಮಗು ಕಿರುಚಿ ನಕ್ಕಿತು. ಗಂಡಸಿನ ದನಿ, ಮೆಲ್ಲಗೆ, ಮೈಕಿಗೆ ತೀರ ಹತ್ತಿರ: “ಆಲಿವ್, ಯಂತ್ರ ಇನ್ನೂ ಓಡ್ತಿದೆ.”

“ಓಡ್ತಿದ್ರೆ ಆರಿಸು. ಟೇಪು ದಂಡ.”

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಅದೇ ಮೆಲ್ಲನೆಯ ದನಿ. “ಇರ್ಲಿ ಬಿಡು.”

ಅವರು ಆರಿಸಲಿಲ್ಲ. ಆಲಿವ್ ಮಿಸೆಸ್ ಸ್ಪ್ರಾಗ್‌ಳ ದನಿ ಅಣಕಿಸುತ್ತ ಗಂಡನಿಗೂ ಮಗಳಿಗೂ ಹೊಸ ಕಟ್ಟುಪಾಡುಗಳನ್ನು ಹೇರಿದರು, ನಾಯಿಯನ್ನು ಒಳಗೆ ಬಿಡಲು ಹೇಳಿದರು, ಮಾಂಸದ ಸಾರು ಆರಿಹೋಯಿತೆಂದು ಗೊಣಗಿದರು, ನಡುವೆ ಕೆಮ್ಮಿದರು, ಗ್ಲೆಂಡಾ ಎಂದು ಎರಡು ಸಲ ಕರೆದರು. ಎರಡನೆಯ ಸಲ ಆ ಹೆಸರನ್ನು ಉದ್ದಕ್ಕೆ ಎಳೆದು ಹಾಡಿನ ಹಾಗೆ ಕರೆದರು. ಸುರುಳಿ ಮುಗಿದು ಟೇಪಿನ ತುದಿ ಹಾರುವವರೆಗೂ ಹೋರೆಸ್ ಬೇರೆ ಮಾತಾಡಲಿಲ್ಲ.

ಗ್ಲೆಂಡಾ ದಿಂಬು ಅಪ್ಪಿಕೊಂಡೇ ಇದ್ದಳು. ನಾನು ಟೀ ಮಾಡಲು ಎದ್ದೆ. ಅವಳು ನನ್ನ ಕೈ ಹಿಡಿದು ಕೂರಿಸಿದಳು.

“ಐವತ್ತು ವರ್ಷ, ಡಕ್. ಐವತ್ತು ವರ್ಷ ನಾನು ಅಮ್ಮನಿಗೆ ಚರ್ಚಿನ ಬಣ್ಣದ ಗಾಜಿನ ಕಿಟಕೀಲಿರೋ ದೇವತೆ ದನಿ ಕೊಟ್ಟು ಇಟ್ಕೊಂಡಿದ್ದೆ. ಮೆಲ್ಲಗೆ, ಜೇನಿನ ಹಾಗೆ.” ಮೂಗು ಒರೆಸಿಕೊಂಡಳು. “ನೋಡಿದ್ರೆ ಮೀನು ಮಾರೋಳು.”

ಇಬ್ಬರೂ ನಕ್ಕೆವು. ನಗುತ್ತ ಅವಳ ದನಿಯೂ ಅದೇ ಒಡಕಿನದೆಂದು ನನಗೆ ಕೇಳಿಸಿತು. ಅವಳಿಗೂ ಕೇಳಿಸಿರಬೇಕು, ಏಕೆಂದರೆ ತಟ್ಟನೆ ಕೈಯನ್ನು ಗಂಟಲಿನ ಮೇಲಿಟ್ಟುಕೊಂಡಳು.

ಆಮೇಲೆ ಅಪ್ಪನ ಮಾತು ಬಂತು. ಆ ‘ಇರ್ಲಿ ಬಿಡು’ ಹೇಳುವಾಗ ಅವರಿಗೆ ಹೆಂಡತಿಯ ಕಾಯಿಲೆ ಗೊತ್ತಿತ್ತೇ ಎಂದು ಅವಳು ಲೆಕ್ಕ ಹಾಕಿ ನೋಡಿದಳು, ಗೊತ್ತಿರಲಾರದು ಎಂದಳು, ಮತ್ತೆ ಗೊತ್ತಿರಬಹುದು ಎಂದಳು. ಕೊನೆಗೆ, ಗೊತ್ತಿದ್ದರೂ ಇಲ್ಲದಿದ್ದರೂ ಆರಿಸಲಿಲ್ಲವಲ್ಲ, ಅಷ್ಟು ಸಾಕು ಎಂದಳು. ಅವಳು ತಂದೆಯನ್ನು ಕುರಿತು ಬಿಗಿಯಿಲ್ಲದೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಡಬ್ಬಗಳೆಲ್ಲ ಸಂಘದವು, ಮಾತು ಮಾತೇ, ಎಂದಳು. ಕೋಟು ಹಾಕಿಕೊಂಡು ಬಾಗಿಲವರೆಗೆ ಹೋದವಳು ತಿರುಗಿ ನಿಂತಳು.

“ಒಂದು ಕೇಳ್ಲಾ? ಆ ಕೊನೇ ತುಂಡು ನಂಗೆ ಸಿಗುತ್ತಾ? ಪ್ರತಿ ಅಲ್ಲ. ಅದೇ ಟೇಪು.”

ಪ್ರತಿಯನ್ನು ಸಿ.ಡಿ.ಯಲ್ಲಿ ಹಾಕಿ ಕೊಡುತ್ತೇನೆ, ಅದನ್ನು ದಿನಾ ಕೇಳಬಹುದು, ಟೇಪು ಓಡಿಸಲು ನಿನ್ನ ಬಳಿ ಯಂತ್ರವೂ ಇಲ್ಲ ಎಂದೆ.

“ಕೇಳೋಕಲ್ಲ. ಇಟ್ಕೊಳ್ಳೋಕೆ. ಅಮ್ಮ ಕೆಮ್ಮಿದಾಗ ಆ ಕೋಣೇಲಿ ಇದ್ದಿದ್ದು ಅದೇ ತಾನೇ.”

ನಮ್ಮವರಲ್ಲಿ ಮೂಲ ಟೇಪಿಗೆ ಬ್ಲೇಡು ಹಾಕುವುದೆಂದರೆ ಊಹಿಸಲೂ ಆಗದ ಕೆಲಸ. ಒಬ್ಬ ಸದಸ್ಯನನ್ನು ಅದೇ ಕಾರಣಕ್ಕೆ ಸಂಘದಿಂದ ಹೊರಗೆ ಹಾಕಿದ್ದರು. ನಾಳೆ ನೋಡೋಣ ಎಂದು ಅವಳನ್ನು ಕಳಿಸಿದೆ. ಪ್ರತಿ ಸರಿಯಾಗಿ ಇಳಿದಿದೆಯೇ ಎಂದು ಮೂರು ಸಲ ಪರೀಕ್ಷಿಸಿದೆ. ಸುರುಳಿಯನ್ನು ಕೈಯಿಂದಲೇ ತಿರುಗಿಸಿ ಕೊನೆಯ ಸ್ವರದ ಜಾಗ ಹುಡುಕಿ ಗುರುತು ಮಾಡಿದೆ. ಬ್ಲೇಡು ಹಿಡಿದು ಎಷ್ಟೋ ಹೊತ್ತು ಕುಳಿತಿದ್ದೆ. ನಾನು ತಿಳಿದೂ ತಿಳಿದೂ ನಿಯಮ ಮುರಿದವಳಲ್ಲ. ಗ್ರಂಥಾಲಯದಲ್ಲಿ ನನ್ನ ಹೆಸರಿನ ಪುಸ್ತಕ ಒಂದು ದಿನ ತಡವಾದರೂ ನಿದ್ದೆ ಬರುತ್ತಿರಲಿಲ್ಲ. ಆದರೆ ಆ ಮನೆಯವರು ನನಗೆ ಕೊಟ್ಟದ್ದು ಒಂದು ಇಡೀ ಮದುವೆ. ತಿರುಗಿ ಕೊಡಲು ನನ್ನ ಬಳಿ ಇದ್ದದ್ದು ಅವರದೇ ಒಂದು ತುಂಡು.

ಕತ್ತರಿಸಿದೆ. ಮೂಲದ ತುದಿ ಹರಿಯದಿರಲೆಂದು ಬಿಳಿಯ ಪಟ್ಟಿಯೊಂದನ್ನು ಅಂಟಿಸಿದೆ. ತುಂಡನ್ನು ಪುಟ್ಟ ಸುರುಳಿಗೆ ಸುತ್ತಿ ಮಾರನೆಯ ದಿನ ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಕರವಸ್ತ್ರದಲ್ಲಿ ಕಟ್ಟಿ ಕೈಚೀಲದ ಒಳಜೇಬಿಗೆ ಹಾಕಿಕೊಂಡಳು. ಥ್ಯಾಂಕ್ಸ್ ಎನ್ನಲಿಲ್ಲ, ನನ್ನ ಕೆನ್ನೆ ತಟ್ಟಿದಳು.

ಶನಿವಾರ ಲಯನೆಲ್ ಬಂದರು. ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಏರಿಸಿಕೊಂಡು ಒಂದೊಂದೇ ಸುರುಳಿ ತೆಗೆದು ನೋಡಿದರು. ಮದುವೆಯ ಸುರುಳಿ ಕೈಗೆ ಬಂದಾಗ ಸಣ್ಣ ಹುಡುಗನ ಹಾಗೆ ತುಟಿ ಕಚ್ಚಿಕೊಂಡರು. ಮೆಲ್ಲಗೆ ತಿರುಗಿಸುತ್ತ ಹೋಗಿ ಬಿಳಿಯ ಪಟ್ಟಿಯ ಬಳಿ ಅವರ ಬೆರಳು ನಿಂತಿತು. ಅಂಟು ಹೊಸದೆಂದು ತಿಳಿಯಲು ಅವರಿಗೆ ಎರಡನೆಯ ಕನ್ನಡಕ ಬೇಕಿರಲಿಲ್ಲ.

“ಮ್ಯಾರಿಯನ್, ಇದು ಹೋರೆಸ್ ಅಂಟಿಸಿದ್ದಾ?”

ಅಲ್ಲ ಎಂದೆ.

ಅವರು ನನ್ನನ್ನು ನೋಡಿದರು. ನಾನು ಕಣ್ಣು ತಗ್ಗಿಸಬೇಕೆಂದುಕೊಂಡೆ, ತಗ್ಗಿಸಲಿಲ್ಲ.

“ಆ ಹೆಣ್ಣುಮಗಳು ಹುಡುಕ್ತಿದ್ದದ್ದು ಸಿಕ್ತಾ?”

“ಸಿಕ್ತು ಲಯನೆಲ್.”

ಏನು ಸಿಕ್ಕಿತು, ಎಷ್ಟು ಉದ್ದದ್ದು, ಎಲ್ಲಿದೆ ಎಂದು ಕೇಳುವರೆಂದು ಕಾದೆ. ಅವರು ಸುರುಳಿಯನ್ನು ಡಬ್ಬದಲ್ಲಿಟ್ಟು ಮುಚ್ಚಳ ಹಾಕಿದರು. ಎಲ್ಲ ಡಬ್ಬಗಳನ್ನೂ ಕಾರಿನ ಹಿಂದಿನ ಸೀಟಿನಲ್ಲಿ ಪೇರಿಸಿ, ಮಕ್ಕಳಿಗೆ ಕಟ್ಟುವ ಹಾಗೆ ಬೆಲ್ಟು ಕಟ್ಟಿದರು. ಕಾರಿಗೆ ಹತ್ತುವ ಮೊದಲು ಗೇಟಿನ ಬಳಿ ನಿಂತು, ನನ್ನ ಗುಲಾಬಿ ಗಿಡದ ಕಡೆ ನೋಡುತ್ತಲೇ ಹೇಳಿದರು.

“ಸಂಘದವರು ಆ ಬಿಳೀ ಪಟ್ಟಿ ನೋಡ್ತಾರೆ, ನನ್ನನ್ನ ಕೇಳ್ತಾರೆ. ನಂಗೂ ವಯಸ್ಸಾಯ್ತು, ಯಾವ ಟೇಪು ಹೇಗೆ ಬಂತು ಅಂತ ಎಲ್ಲಿ ನೆನಪಿರುತ್ತೆ. ನಾನಂತೂ ಯಾರಿಗೂ ಹೇಳೋದಿಲ್ಲ.”